ಸೀಸೆಯೊಳಗೆ ಮಾಗಳಿಯ ಚಿಗುರು

ಅರಸೀಕೆರೆಯಿಂದ ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಪಯಣಿಸುವವರು ತೆಂಗಿನ ತೋಟಗಳ ಬಯಲುಸೀಮೆಯನ್ನು ಹಿಂದಿಕ್ಕಿ ಮಲೆನಾಡಿನ ಸೆರಗನ್ನು ಸೇರುತ್ತಾರೆ. ಈ ಅಲ್ಪ ದೂರದಲ್ಲಿಯೇ ಮಳೆಯೂ ಮಣ್ಣೂ ಬೇರೆಯಾಗುತ್ತವೆ. ಕೆರೆಯಂಚಿನ ಒಂದೆಲಗ, ಬೇಲಿಯ ಆಡುಸೋಗೆ, ಮರಕ್ಕೆ ಹಬ್ಬಿದ ಅಮೃತಬಳ್ಳಿ—ಇವೇ ಇಂತಹ ಊರುಗಳ ಅಜ್ಜಿಯರ ಔಷಧಶಾಲೆ.

ಎಲೆಯನ್ನು ಕೊಯ್ದರೆ ಗಿಡವು ಮತ್ತೆ ಚಿಗುರುತ್ತದೆ. ಬೇರನ್ನೇ ಅಗೆದರೆ ಗತಿಯೇನು? ಉಪ್ಪಿನಕಾಯಿಯ ಭರಣಿಯಿಂದ ಮನೆಯೆಲ್ಲ ಘಮಘಮಿಸುವ ಮಾಗಳಿ ಬೇರನ್ನು ಅರಿಯದ ಗೃಹಿಣಿಯರು ವಿರಳ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಈ ಬಳ್ಳಿಯನ್ನು ಬೇರಿಗಾಗಿ ಅಗೆದಗೆದು ವಿನಾಶದ ಅಂಚಿಗೆ ತಂದಿದ್ದೇವೆ.

ಇದಕ್ಕೆ ವಿಜ್ಞಾನವು ತೋರಿದ ದಾರಿ ಅಂಗಾಂಶ ಕೃಷಿ. ಸಸ್ಯದ ಒಂದೊಂದು ಜೀವಕೋಶವನ್ನೂ ಬೇರ್ಪಡಿಸಿ ಬೆಳೆಸಬಹುದೆಂಬ ವಿಚಾರವನ್ನು 1902ರಲ್ಲಿ ಹ್ಯಾಬರ್‌ಲಾಂಟ್ ಮುಂದಿಟ್ಟರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪೋಷಕ ದ್ರಾವಣವು ಇಂದಿಗೂ ಬಳಕೆಯಲ್ಲಿದೆ. ಬಳ್ಳಿಯ ಗೆಣ್ಣಿನ ತುಣುಕೊಂದನ್ನು ಶುದ್ಧಗೊಳಿಸಿ, ಲವಣ, ಸಕ್ಕರೆ, ಸಸ್ಯಚೋದಕಗಳನ್ನು ಬೆರೆಸಿದ ಅಗರ್ ಲೋಳೆಯ ಮೇಲೆ ಸೀಸೆಯಲ್ಲಿಡುತ್ತಾರೆ. ಒಂದು ಗೆಣ್ಣು ಹಲವು ಚಿಗುರಾಗುತ್ತದೆ. ಚಿಗುರು ಬೇರು ಬಿಟ್ಟ ಬಳಿಕ ಮೆಲ್ಲಮೆಲ್ಲನೆ ಹೊರಗಿನ ಗಾಳಿಗೆ ಒಗ್ಗಿಸಿ ಮಣ್ಣಿಗಿಳಿಸುತ್ತಾರೆ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮಾಗಳಿಯನ್ನು ಹೀಗೆ ಬೆಳೆಸಿದ್ದಾರೆ.

ಈ ಬೇರಿನ ಪರಿಮಳಕ್ಕೆ ಕಾರಣವಾದ ದ್ರವ್ಯವು ವೆನಿಲ್ಲಾದ ಸುಗಂಧದ್ರವ್ಯಕ್ಕೆ ಒಡಹುಟ್ಟಿದಂತಿದೆ: ಪರಮಾಣುಗಳು ಅವೇ, ಜೋಡಣೆ ಮಾತ್ರ ಬೇರೆ. ಅದಕ್ಕೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣವೂ ಉಂಟು. ಇಂತಹ ಗುಣವನ್ನು ಪರೀಕ್ಷಿಸುವ ಕ್ರಮವು ಸರಳವಾದುದು. ತಟ್ಟೆಯಲ್ಲಿ ಸೂಕ್ಷ್ಮಾಣುಗಳನ್ನು ಹರಡಿ, ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿರಿಸುತ್ತಾರೆ. ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ವಲಯವೊಂದು ಕಂಡರೆ, ಅಲ್ಲಿ ಅವು ಬೆಳೆಯಲಿಲ್ಲವೆಂದು ತಿಳಿಯಬೇಕು.

ಆದರೆ ತಟ್ಟೆಯಲ್ಲಿ ಗೆದ್ದುದೆಲ್ಲವೂ ದೇಹದಲ್ಲಿ ಔಷಧವಾಗದು. ಎಷ್ಟು ಪ್ರಮಾಣ ಹಿತ, ಎಷ್ಟು ವಿಷ ಎಂಬುದನ್ನು ಮುಂದಿನ ಪರೀಕ್ಷೆಗಳೇ ನಿರ್ಣಯಿಸಬೇಕು. ಹೀಗಾಗಿ ಅಜ್ಜಿಯ ನಂಬಿಕೆಯನ್ನು ನಗೆಯಾಡುವುದೂ ತರವಲ್ಲ, ಪರೀಕ್ಷಿಸದೆ ನುಂಗುವುದೂ ತರವಲ್ಲ.

ಪರೀಕ್ಷಿಸಬೇಕಾದರೆ ಮೊದಲು ಬಳ್ಳಿಯು ಉಳಿಯಬೇಕು. ಕಲ್ಲಿನಲ್ಲಿ ಬಳ್ಳಿಯನ್ನು ಕಡೆದ ಶಿಲ್ಪಿಗಳ ಕೆಲಸವು ಬೇಲೂರು ಹಳೇಬೀಡುಗಳಲ್ಲಿ ಶತಮಾನಗಳಿಂದ ನಿಂತಿದೆ. ಜೀವವಿರುವ ಬಳ್ಳಿಯನ್ನು ಉಳಿಸುವ ಹೊಣೆ ನಮ್ಮದು. ಮುಂದಿನ ಸಲ ಅಂಗಡಿಯಲ್ಲಿ ಮಾಗಳಿ ಬೇರನ್ನು ಕೊಳ್ಳುವಾಗ, ಅದು ತೋಟದಲ್ಲಿ ಬೆಳೆದುದೋ ಗುಡ್ಡದಿಂದ ಕಿತ್ತುದೋ ಎಂದು ಒಮ್ಮೆ ವಿಚಾರಿಸಿದರೂ ಅದು ಸಣ್ಣ ಸೇವೆಯಲ್ಲ.