ಪ್ಲಾಸ್ಟಿಕ್ ಕಡೆಯುವ ಉಳಿ

ಲೇತಿನ ಮೇಲೆ ಉಕ್ಕನ್ನೂ ಹಿತ್ತಾಳೆಯನ್ನೂ ಕಡೆದು ಕೈ ಪಳಗಿದ ಶ್ರೋತೃಗಳಿಗೆ ಪ್ಲಾಸ್ಟಿಕ್ಕು ಬಹು ಸುಲಭವಾದ ವಸ್ತುವೆಂದು ತೋರುವುದು ಸಹಜ. ಉಕ್ಕನ್ನೇ ಸೀಳುವ ಉಳಿಗೆ ಈ ಮೆದು ಪದಾರ್ಥವು ಎಷ್ಟರದು ಎಂದು ನಾವು ಭಾವಿಸುವೆವು. ಆದರೆ ಸವೆದ ಅದೇ ಉಳಿಯನ್ನು ನೈಲಾನಿಗೆ ಒಡ್ಡಿದರೆ ಮೈ ಕರಗಿ ಅಂಟಾಗುವುದು. ಅಕ್ರಿಲಿಕ್ಕಿಗೆ ಒಡ್ಡಿದರೆ ಅಂಚು ಸಿಡಿದು ಹೊಳಪು ಕೆಡುವುದು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸೋಣ.

ಕಾರಣವು ಶಾಖ. ಲೋಹವನ್ನು ಕಡೆಯುವಾಗ ಹುಟ್ಟುವ ಶಾಖದ ಬಹುಭಾಗವು ಸಿಪ್ಪೆಯೊಡನೆ ಹೊರಟುಹೋಗುವುದು. ಮಿಕ್ಕುದು ಮೈಯಲ್ಲೆಲ್ಲ ಹರಡುವುದು. ಪ್ಲಾಸ್ಟಿಕ್ಕಾದರೋ ಸಾಧಾರಣ ಉಕ್ಕು ಸಾಗಿಸುವ ಶಾಖದಲ್ಲಿ ಸುಮಾರು 200ರಲ್ಲಿ ಒಂದು ಪಾಲನ್ನು ಮಾತ್ರ ಸಾಗಿಸಬಲ್ಲುದು. ಆದಕಾರಣ ಶಾಖವು ಉಳಿಯ ತುದಿಯಲ್ಲಿಯೇ ನಿಲ್ಲುವುದು. ಅಕ್ರಿಲಿಕ್ಕು ಸುಮಾರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಮೆತ್ತಗಾಗತೊಡಗುವುದು. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ಉಜ್ಜುವಿಕೆಯ ಶಾಖದಿಂದಲೇ ಬಣ್ಣವೇರಿಸುವರು. ಅಲ್ಲಿ ಉಪಕಾರಿಯಾದ ಶಾಖವೇ ಇಲ್ಲಿ ಶತ್ರು. ಉಳಿಯು ಉಜ್ಜದೆ ಕತ್ತರಿಸಬೇಕೆಂಬುದೇ ಮುಖ್ಯ ಸೂತ್ರ.

ಇದಕ್ಕೆ ಹೈಸ್ಪೀಡ್ ಉಕ್ಕಿನ ಉಳಿಯು ಉತ್ತಮ. ಅದನ್ನು ಸಾಣೆಚಕ್ರದಲ್ಲಿ ಹದಮಾಡಿ ಎಣ್ಣೆಕಲ್ಲಿನಲ್ಲಿ ತಿಕ್ಕಿದರೆ ಕ್ಷೌರದ ಕತ್ತಿಯಷ್ಟು ಹರಿತವಾಗುವುದು. ಉಕ್ಕಿಗೆಂದು ಮಾಡಿದ ಕಾರ್ಬೈಡ್ ಬಿಲ್ಲೆಗಳ ಅಂಚನ್ನು, ಒಡೆಯದಿರಲೆಂದು, ತುಸು ದುಂಡಾಗಿಸಿರುವರು. ಅವು ಪ್ಲಾಸ್ಟಿಕ್ಕನ್ನು ಉಜ್ಜುವುವು. ಗಾಜಿನ ನೂಲು ಬೆರೆತ ಪ್ಲಾಸ್ಟಿಕ್ಕಿಗೆ ಮಾತ್ರ, ಅದು ಹೈಸ್ಪೀಡ್ ಉಕ್ಕನ್ನು ಬೇಗನೆ ಸವೆಸುವುದರಿಂದ, ಹರಿತವಾದ ಕಾರ್ಬೈಡೇ ಬೇಕು. ಅದರ ಧೂಳು ಶ್ವಾಸಕ್ಕೆ ಸೇರದಂತೆಯೂ ನೋಡಿಕೊಳ್ಳತಕ್ಕದ್ದು.

ಇನ್ನು ಉಳಿಯ ಆಕಾರ. ಪ್ಲಾಸ್ಟಿಕ್ಕು ಒತ್ತಿದಾಗ ತಗ್ಗಿ, ಉಳಿಯು ದಾಟಿದೊಡನೆ ಪುನಃ ಉಬ್ಬಿ ಅದರ ಕೆಳಭಾಗಕ್ಕೆ ತಗಲುವುದು. ಆದುದರಿಂದ ಅಂಚಿನ ಕೆಳಗೆ 10ರಿಂದ 15 ಡಿಗ್ರಿಗಳಷ್ಟು ತೆರವನ್ನು ಬಿಡಬೇಕು. ಮೇಲ್ಮುಖದ ಇಳಿಜಾರು ವಸ್ತುವನ್ನನುಸರಿಸಿ ಬೇರೆಯಾಗುವುದು. ನೈಲಾನು, ಪಾಲಿಥೀನುಗಳು ಜಿಗುಟಾದುವು. ಅವುಗಳ ಸಿಪ್ಪೆ ಸಲೀಸಾಗಿ ಜಾರಿಹೋಗುವಂತೆ ಅಂಚಿನಿಂದ ಹಿಂದಕ್ಕೆ ಸುಮಾರು 10 ಡಿಗ್ರಿ ಇಳಿಜಾರಿರಲಿ. ಅಕ್ರಿಲಿಕ್ಕು ಪೆಡಸು, ಇಳಿಜಾರು ಹೆಚ್ಚಾದರೆ ಉಳಿಯು ಒಳಕ್ಕೆ ಕಚ್ಚಿಕೊಂಡು ಚೂರೆಬ್ಬಿಸುವುದು. ಅದಕ್ಕೆ ಹಿತ್ತಾಳೆಯ ಉಳಿಯಂತೆ ಮೇಲ್ಮುಖವು ಸಮತಟ್ಟಾಗಿರುವುದೇ ಲೇಸು.

ಹದವಾದ ಉಳಿಯನ್ನೂ ಒಂದೆಡೆ ನಿಲ್ಲಿಸಿ ಉಜ್ಜಗೊಡಬಾರದು. ತಣಿಸಲು ಗಾಳಿ ಇಲ್ಲವೆ ನೀರು ಸಾಕು. ಅಕ್ರಿಲಿಕ್ಕಿಗೆ ಸ್ಪಿರಿಟ್ಟು ತಗಲಿದರೆ ಕೂದಲೆಳೆಯಂಥ ಬಿರುಕುಗಳು ಏಳುವುವು. ಅಳತೆಯನ್ನು ಆರಿದ ಮೇಲೆಯೇ ತೆಗೆಯಬೇಕು. 25 ಮಿಲಿಮೀಟರ್ ದಪ್ಪದ ನೈಲಾನ್ ಸರಳು 40 ಡಿಗ್ರಿ ಹೆಚ್ಚು ಕಾದರೆ ಸುಮಾರು 0.08 ಮಿಲಿಮೀಟರ್ ಉಬ್ಬುವುದು. ಬಿಸಿಯಲ್ಲಿ ಸರಿಯೆನಿಸಿದ ತುಂಡು ಆರಿದಾಗ ಸಡಿಲವಾಗಿ, ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದು. ನೈಲಾನಿನ ಉದ್ದನೆಯ ಸಿಪ್ಪೆ ಚಕ್ಕಿಗೆ ಸುತ್ತಿಕೊಂಡರೆ ಯಂತ್ರವನ್ನು ನಿಲ್ಲಿಸಿಯೇ ಬಿಡಿಸತಕ್ಕದ್ದು. ತಿರುಗುವಾಗ ಕೈಯಿಟ್ಟರೆ ಬೆರಳಿಗೇ ಅಪಾಯ.

ಉಳಿಯು ಹದವಾಗಿದೆಯೆ ಎಂಬುದನ್ನು ಸಿಪ್ಪೆಯೇ ತಿಳಿಸುವುದು. ನೈಲಾನಿನಿಂದ ನುಣುಪಾದ ಪಟ್ಟಿ ಬಂದರೆ ಕೆಲಸವನ್ನು ಮುಂದುವರಿಸಬಹುದು. ಅಂಟಂಟಾಗಿ ಮುದುಡಿ ಬಂದರೆ ಉಳಿಯನ್ನು ತೆಗೆದು ಮತ್ತೆ ಎಣ್ಣೆಕಲ್ಲಿಗೆ ಹಿಡಿಯಬೇಕು.