ಮಕ್ಕಳ ವಯಸ್ಸೂ ಮನೆಗೆಲಸವೂ

ಮನೆಗೆಲಸವು ಮಕ್ಕಳಿಗೆ ಶಿಕ್ಷಣವೂ ಆಗಬಲ್ಲದು, ಹೊರೆಯೂ ಆಗಬಲ್ಲದು. ಎರಡರಲ್ಲಿ ಯಾವುದಾಗುವುದೆಂಬುದು ಹಿರಿಯರ ವಿವೇಕವನ್ನು ಅವಲಂಬಿಸಿದೆ. ಗೊರಗುಂಟೆಪಾಳ್ಯದ ಅನೇಕ ಮನೆಗಳಲ್ಲಿ ತಂದೆತಾಯಿಗಳಿಬ್ಬರೂ ಪೀಣ್ಯದ ಕಾರ್ಖಾನೆಗಳಿಗೆ ಬೆಳಗಾಗುತ್ತಲೆ ಹೊರಡುವರು. ಆಗ ಮನೆಯ ಭಾರವೆಲ್ಲವೂ ಹಿರಿಯ ಮಗಳ ಹೆಗಲಿಗೆ ಬೀಳುವುದುಂಟು. ಆದಕಾರಣ ಈ ವಿಷಯವನ್ನು ಮಾತಾಪಿತೃಗಳೂ ನಮ್ಮ ಪೂರ್ವವಿದ್ಯಾರ್ಥಿನಿಯರೂ ಪರ್ಯಾಲೋಚಿಸುವುದು ಉಚಿತವಾಗಿದೆ.

1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಶಿಶುಶಾಲೆಯನ್ನು ತೆರೆದ ಮರಿಯಾ ಮಾಂಟೆಸೊರಿಯವರು, ಗುಡಿಸುವುದು, ಕೈತೊಳೆಯುವುದು, ಊಟಕ್ಕೆ ಅಣಿಮಾಡುವುದು ಮುಂತಾದವನ್ನು ಪಾಠಗಳನ್ನಾಗಿಯೇ ಏರ್ಪಡಿಸಿದರು. ಕೆಲಸವೂ ಉಪಕರಣವೂ ಮಗುವಿನ ಕೈಗೆ ತಕ್ಕಷ್ಟಿರಬೇಕೆಂಬುದೇ ಅವರ ಪದ್ಧತಿಯ ಮರ್ಮ.

ಮೂರರಿಂದ ಐದು ವರುಷದ ಕೂಸು ಆಟದ ಸಾಮಾನನ್ನೂ ಚಪ್ಪಲಿಯನ್ನೂ ಅದರದರ ಸ್ಥಳದಲ್ಲಿಡಲಿ. ಆರರಿಂದ ಎಂಟರವರೆಗಿನವರು ತಟ್ಟೆಲೋಟಗಳನ್ನಿಡುವುದು, ಗಿಡಕ್ಕೆ ನೀರೆರೆಯುವುದು, ತಮ್ಮ ಬಟ್ಟೆಯನ್ನು ಮಡಿಸುವುದು, ಇವನ್ನು ಮಾಡಬಲ್ಲರು. ಒಂಬತ್ತು ಹತ್ತು ವಯಸ್ಸಿನವರು ಕಸ ಗುಡಿಸಲಿ, ಸೊಪ್ಪು ಸೋಸಲಿ, ತಮ್ಮ ಬುತ್ತಿಯ ಡಬ್ಬಿಯನ್ನು ತೊಳೆಯಲಿ. ಹನ್ನೆರಡು ದಾಟಿದವರು ಹಿರಿಯರು ಬಳಿಯಲ್ಲಿರುವಾಗ ಅನ್ನ ಮಾಡಲು ಕಲಿಯಬಹುದು. ಅಂಗಡಿಯ ಲೆಕ್ಕವನ್ನು ಬರೆದಿಡಬಹುದು. ಕುದಿಯುವ ಪಾತ್ರೆ, ಉರಿಯುವ ಒಲೆ, ತುಂಬಿದ ಬಿಂದಿಗೆ ಇವು ಚಿಕ್ಕವರ ಪಾಲಿಗೆ ಬಾರದಿರಲಿ.

ಮೊದಲು ತಾವು ಮಾಡಿ ತೋರಿಸಬೇಕು. ಬಳಿಕ ಜೊತೆಗೂಡಿ ಮಾಡಬೇಕು. ಆಮೇಲೆಯೇ ಮಗುವಿಗೆ ಒಪ್ಪಿಸಬೇಕು. ಮಗು ಅಂಕುಡೊಂಕಾಗಿ ಮಡಿಸಿದ ಬಟ್ಟೆಯನ್ನು ಅದರ ಕಣ್ಣೆದುರಿಗೇ ಬಿಚ್ಚಿ ಮಡಿಸಿದರೆ ಅದರ ಉತ್ಸಾಹವು ಕುಂದುವುದು. ಮನೆಗೆಲಸವನ್ನು ದಂಡನೆಯಾಗಿ ವಿಧಿಸುವುದೂ ಯುಕ್ತವಲ್ಲ; ಹಾಗೆ ಮಾಡಿದರೆ ದುಡಿಮೆಯೇ ಹೇಯವೆಂಬ ಭಾವನೆ ಬೇರೂರುವುದು.

ಇದಕ್ಕೊಂದು ಎಲ್ಲೆಯೂ ಉಂಟು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವಿಗೂ ಶಾಲೆಯ ಹಕ್ಕನ್ನಿತ್ತಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ, ಹದಿನಾಲ್ಕರೊಳಗಿನ ಮಕ್ಕಳು ಕುಟುಂಬಕ್ಕೆ ನೆರವಾಗುವುದನ್ನು ಶಾಲೆಯ ಸಮಯದ ಹೊರಗೆ ಅಥವಾ ರಜೆಯಲ್ಲಿ ಮಾತ್ರ ಒಪ್ಪುತ್ತದೆ. ತಮ್ಮನನ್ನು ಎತ್ತಿಕೊಳ್ಳಲೆಂದು ಅಕ್ಕನ ಪಾಠವು ತಪ್ಪಿದರೆ ಅದು ಗೃಹಶಿಕ್ಷಣವೆನಿಸದು.

ಇನ್ನೊಂದು ಮಾತು. ಪೊರಕೆಯು ಮಗಳಿಗೆ, ಪುಸ್ತಕವು ಮಗನಿಗೆ ಎಂಬ ಹಂಚಿಕೆಯು ಇಬ್ಬರಿಗೂ ಕೇಡು. ಉಂಡ ತಟ್ಟೆಯನ್ನು ತೊಳೆಯಲು ಮಗನೂ ಕಲಿಯಲಿ. ಮಾರ್ಥಳು ಕೆಲಸದ ಗಡಿಬಿಡಿಯಲ್ಲಿ ದೂರಿದಾಗ, ಪಾದದ ಬಳಿ ಕುಳಿತು ಬೋಧನೆಯನ್ನು ಕೇಳುತ್ತಿದ್ದ ಮರಿಯಳನ್ನು ಕರ್ತನು ಅಡಿಗೆಮನೆಗೆ ಅಟ್ಟಲಿಲ್ಲವೆಂದು ಲೂಕನ ಸುವಾರ್ತೆಯಲ್ಲಿ ಓದಿದ್ದೇವೆ. ನಮ್ಮ ಮನೆಗಳಲ್ಲಿಯೂ ಹೆಣ್ಣುಮಕ್ಕಳಿಗೆ ಕುಳಿತು ಓದುವ ಹೊತ್ತು ದಿನದಿನವೂ ದೊರೆಯಲಿ.