ತಿದ್ದುಪಡಿಯೂ ಪಾಠರಕ್ಷಣೆಯೂ: ಹಾರ್ಫ್‌ಬಜ್ ತಂತ್ರಾಂಶದ ಯಾಂತ್ರಿಕ ಪರೀಕ್ಷೆಗಳು ಮತ್ತು ಕನ್ನಡ ಲಿಪಿ

೧

ಹಳೆಯ ಕಾವ್ಯಗಳ ಪರಿಷ್ಕರಣಕಾರ್ಯದಲ್ಲಿ ಕೈಯಿಟ್ಟವರೆಲ್ಲರೂ ಒಂದು ಸಂಗತಿಯನ್ನು ಅನುಭವದಿಂದ ಬಲ್ಲರು. ಲಿಪಿಕಾರನು ಮೂಲಪ್ರತಿಯಲ್ಲಿ ಕಂಡ ತಪ್ಪೊಂದನ್ನು ತಿದ್ದಹೊರಟು, ಬೇರೊಂದೆಡೆಯಲ್ಲಿ ಶುದ್ಧವಾಗಿಯೇ ಇದ್ದ ಪಾಠವನ್ನು ಕೆಡಿಸಿಬಿಡುವುದುಂಟು. ತಿದ್ದಿದ ಸ್ಥಳವನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಕೆಟ್ಟ ಸ್ಥಳದ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ, ಅದು ನಿನ್ನೆಯವರೆಗೆ ಸರಿಯಾಗಿಯೇ ಇದ್ದುದರಿಂದ. ವೇದಾಧ್ಯಯನದಲ್ಲಿ ಪದ, ಕ್ರಮ, ಜಟೆ, ಘನ ಮೊದಲಾದ ಪಾಠಗಳು ರೂಢಿಗೆ ಬಂದುದರ ಪ್ರಯೋಜನವು ಇಂತಹ ಅಪಾಯದಿಂದ ಪಾಠವನ್ನು ಕಾಪಾಡುವುದೇ ಆಗಿದೆ. ಒಂದೇ ಮಂತ್ರವನ್ನು ಗೊತ್ತಾದ ಬೇರೆ ಬೇರೆ ಆನುಪೂರ್ವಿಗಳಲ್ಲಿ ಹೇಳಿಸಿದರೆ, ಎಲ್ಲಿಯಾದರೂ ಅಕ್ಷರವಾಗಲಿ ಸ್ವರವಾಗಲಿ ಜಾರಿದ್ದ ಪಕ್ಷದಲ್ಲಿ ಅದು ಕೂಡಲೆ ಹೊರಬೀಳುವುದು.

ಗಣಕಯಂತ್ರಗಳಿಗೆ ಬರೆಯುವ ತಂತ್ರಾಂಶಗಳಿಗೂ ಇದೇ ವ್ಯಾಧಿ ಉಂಟು. ಒಂದು ದೋಷವನ್ನು ನೀಗಲು ಮಾಡಿದ ಬದಲಾವಣೆಯಿಂದ ಮತ್ತೊಂದು ದೋಷ ಹುಟ್ಟುವುದು. ಹಿಂದೆ ನೀಗಿಸಿದ್ದ ದೋಷವೇ ಮರಳಿ ತಲೆಯೆತ್ತುವುದೂ ಉಂಟು. ಹೀಗೆ ಸರಿಯಾಗಿದ್ದುದು ಹಿಂಜರಿದು ಕೆಡುವುದಕ್ಕೆ ಆ ವೃತ್ತಿಯವರು ರಿಗ್ರೆಷನ್ ಎಂದೂ, ಅದನ್ನು ಹಿಡಿಯುವ ಪರೀಕ್ಷೆಗೆ ರಿಗ್ರೆಷನ್ ಟೆಸ್ಟ್ ಎಂದೂ ಹೇಳುವರು. ನಾವು ಪ್ರಕೃತ ಲೇಖನದಲ್ಲಿ ಇದನ್ನು ಮರುಕಳಿಕೆಯ ಪರೀಕ್ಷೆ ಎಂದು ಕರೆಯೋಣ. ಈ ಪರೀಕ್ಷೆಯ ಸ್ವರೂಪವನ್ನು, ಕನ್ನಡ ಲಿಪಿಗೆ ನೇರವಾಗಿ ಸಂಬಂಧಪಟ್ಟ ಒಂದು ತಂತ್ರಾಂಶದ ಉದಾಹರಣೆಯಿಂದ ವಿವರಿಸುವುದೂ, ಯಂತ್ರವು ಇಲ್ಲಿ ಮಾಡಬಲ್ಲುದೆಷ್ಟು, ಭಾಷೆಯನ್ನು ಬಲ್ಲವರು ಮಾಡಬೇಕಾದುದೆಷ್ಟು ಎಂಬುದನ್ನು ತೋರಿಸುವುದೂ ನಮ್ಮ ಉದ್ದೇಶ.

೨

ಆ ತಂತ್ರಾಂಶದ ಹೆಸರು ಹಾರ್ಫ್‌ಬಜ್. ಪಾರಸಿ ಭಾಷೆಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದುದು. ಓಪನ್‌ಟೈಪ್ ಎಂಬ ಫಾಂಟ್ ವ್ಯವಸ್ಥೆಯ ಹೆಸರನ್ನೇ ಹೀಗೆ ಪಾರಸಿಗೆ ತಿರುಗಿಸಿಕೊಂಡಿದ್ದಾರೆ. ಇದರ ಮೂಲವು ಫ್ರೀಟೈಪ್ ಎಂಬ ಯೋಜನೆಯಲ್ಲಿದ್ದಿತು. ಅನಂತರ ಬೆಹದಾದ್ ಇಸ್ಫಹಬೋದ್ ಎಂಬವರು ಇದನ್ನು ಹೊಸದಾಗಿ ಬರೆದರು, ೧.೦ ಎಂಬ ಆವೃತ್ತಿಯು ೨೦೧೫ರಲ್ಲಿ ಹೊರಬಂದಿತು. ಇದು ಮುಕ್ತ ತಂತ್ರಾಂಶ. ಎಂದರೆ ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಇವೆಲ್ಲವೂ ಅಕ್ಷರಗಳನ್ನು ಜೋಡಿಸುವ ಕೆಲಸಕ್ಕೆ ಇದನ್ನೇ ನಂಬಿವೆ. ಆದುದರಿಂದ ಇಂದು ಕೈಯಲ್ಲಿ ಹಿಡಿದ ಯಂತ್ರದ ಮೇಲೆ ಕನ್ನಡವನ್ನು ಓದುವವರಲ್ಲಿ ಬಹುಮಂದಿ, ತಮಗರಿಯದೆಯೇ, ಇದರ ಉಪಕಾರಕ್ಕೆ ಪಾತ್ರರಾಗಿದ್ದಾರೆ.

ಇದು ಮಾಡುವ ಕೆಲಸವೇನು? ಗಣಕಯಂತ್ರವು ಅಕ್ಷರಗಳನ್ನು ಚಿತ್ರಗಳಾಗಿ ಅಲ್ಲ, ಸಂಖ್ಯೆಗಳಾಗಿ ಇಟ್ಟುಕೊಂಡಿರುತ್ತದೆ. ಯೂನಿಕೋಡ್ ಎಂಬ ಅಂತಾರಾಷ್ಟ್ರೀಯ ಸಂಕೇತದಲ್ಲಿ ರಕಾರದ ಸಂಖ್ಯೆ ೩೨೪೮, ಯಕಾರದ್ದು ೩೨೪೭, ವ್ಯಂಜನದಲ್ಲಿನ ಅಕಾರವನ್ನು ತೆಗೆದುಹಾಕುವ ಹಲಂತ ಚಿಹ್ನೆಯದು ೩೨೭೭. ಕನ್ನಡದ ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ವ್ಯಂಜನ, ಹಲಂತ, ವ್ಯಂಜನ ಎಂಬ ಸಾಲನ್ನು ಕಂಡಾಗ ಅದನ್ನು ಯಾವ ಆಕೃತಿಯಿಂದ ತೋರಿಸಬೇಕು, ಒತ್ತನ್ನು ಎಲ್ಲಿ ಇಡಬೇಕು, ಅರ್ಕಾವೊತ್ತನ್ನು ಯಾವ ಅಕ್ಷರದ ಬಲಕ್ಕೆ ಸಾಗಿಸಬೇಕು ಎಂಬುದನ್ನು ಫಾಂಟಿನಲ್ಲಿರುವ ನಿಯಮಗಳ ಸಹಾಯದಿಂದ ಗೊತ್ತುಮಾಡುವುದೇ ಹಾರ್ಫ್‌ಬಜ್‌ನ ಕೆಲಸ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು ಕಣ್ಣಳತೆಯಿಂದಲೂ ಅಭ್ಯಾಸಬಲದಿಂದಲೂ ಮಾಡುತ್ತಿದ್ದ ಕಾರ್ಯವಿದು.

ದೇವನಾಗರಿ, ಬಂಗಾಳಿ, ಗುಜರಾತಿ, ತಮಿಳು, ತೆಲುಗು, ಮಲಯಾಳ ಮೊದಲಾದ ಲಿಪಿಗಳೂ ಕನ್ನಡವೂ ಈ ತಂತ್ರಾಂಶದಲ್ಲಿ ಒಂದೇ ವಿಭಾಗದ ಅಧೀನದಲ್ಲಿವೆ. ಅವುಗಳ ರಚನಾಸೂತ್ರವು ಬಹುಮಟ್ಟಿಗೆ ಒಂದೇ ಆದುದರಿಂದ ಇದು ಯುಕ್ತವೇ ಸರಿ. ಆದರೆ ಅಪಾಯವೂ ಇಲ್ಲಿಯೇ ಇದೆ: ಮಲಯಾಳದ ಒಂದು ಕೊರತೆಯನ್ನು ನೀಗಲು ಮಾಡಿದ ಬದಲಾವಣೆಯು ಕನ್ನಡದ ಒಂದು ಸಂಯುಕ್ತಾಕ್ಷರವನ್ನು ಕೆಡಿಸಬಹುದು. ಆ ಬದಲಾವಣೆಯನ್ನು ಮಾಡಿದವನು ಕನ್ನಡವನ್ನು ಬಲ್ಲವನಾಗಿರಬೇಕೆಂಬ ನಿಯಮವಿಲ್ಲ. ತಾನು ಕೆಡಿಸಿದೆನೆಂಬುದು ಅವನಿಗೆ ತಿಳಿಯುವ ಮಾರ್ಗವೂ ಕಣ್ಣಿಗಿಲ್ಲ.

೩

ಆ ಮಾರ್ಗವನ್ನು ಒದಗಿಸುವುದೇ ಮರುಕಳಿಕೆಯ ಪರೀಕ್ಷೆ. ಹಾರ್ಫ್‌ಬಜ್‌ನ ಅಕ್ಷರಜೋಡಣೆಯ ಪರೀಕ್ಷೆಗಳ ರೂಪವು ಬಹಳ ಸರಳ. ಒಂದು ಪರೀಕ್ಷೆ ಎಂದರೆ ಕಡತದಲ್ಲಿನ ಒಂದು ಸಾಲು. ಅದರಲ್ಲಿ ಅರ್ಧವಿರಾಮಗಳಿಂದ ಬೇರ್ಪಟ್ಟ ನಾಲ್ಕು ಭಾಗಗಳುಂಟು. ಮೊದಲನೆಯದು, ಯಾವ ಫಾಂಟನ್ನು ಬಳಸಬೇಕೆಂಬುದು. ಎರಡನೆಯದು, ವಿಶೇಷ ವಿಧಿಗಳೇನಾದರೂ ಇದ್ದರೆ ಅವು. ಮೂರನೆಯದು, ಅಕ್ಷರಸಂಖ್ಯೆಗಳ ಸಾಲು. ನಾಲ್ಕನೆಯದು, ಬರತಕ್ಕ ಉತ್ತರ. ಯಾವ ಯಾವ ಆಕೃತಿಗಳು, ಯಾವ ಕ್ರಮದಲ್ಲಿ, ಎಷ್ಟೆಷ್ಟು ಸ್ಥಳವನ್ನು ಹಿಡಿದು ನಿಲ್ಲಬೇಕೆಂಬುದೇ ಆ ಉತ್ತರ. ಯಂತ್ರವು ಮೊದಲ ಮೂರನ್ನು ತೆಗೆದುಕೊಂಡು ಅಕ್ಷರಗಳನ್ನು ಜೋಡಿಸಿ, ತನಗೆ ಬಂದ ಫಲವನ್ನು ನಾಲ್ಕನೆಯದರೊಡನೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ತೇರ್ಗಡೆ. ಒಂದು ಆಕೃತಿಯಷ್ಟು ವ್ಯತ್ಯಾಸವಿದ್ದರೂ ಅನುತ್ತೀರ್ಣ.

ಪರೀಕ್ಷೆಗೆ ಬಳಸುವ ಫಾಂಟನ್ನು ತಂತ್ರಾಂಶದ ಭಂಡಾರದಲ್ಲಿಯೇ ಇಟ್ಟಿರುತ್ತಾರೆ. ಫಾಂಟಿನ ಕರ್ತೃವು ನಾಳೆ ತನ್ನ ಫಾಂಟನ್ನು ಬದಲಿಸಿದರೆ ಉತ್ತರವೂ ಬದಲಾದೀತು; ಆಗ ದೋಷವು ತಂತ್ರಾಂಶದ್ದೋ ಫಾಂಟಿನದೋ ತಿಳಿಯದೆ ಹೋದೀತು. ಭಂಡಾರವು ಬೆಳೆದು ಭಾರವಾಗದಂತೆ, ಆ ಪರೀಕ್ಷೆಗೆ ಬೇಕಾದ ಆಕೃತಿಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಕತ್ತರಿಸಿದ ಚಿಕ್ಕ ಫಾಂಟನ್ನು ಇಡುವುದು ವಾಡಿಕೆ.

ಯಾರಾದರೂ ಮೂಲಪಾಠಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸಿದೊಡನೆ, ಅದನ್ನು ಅಂಗೀಕರಿಸುವುದಕ್ಕೆ ಮುಂಚೆ, ಬೇರೆ ಬೇರೆ ಬಗೆಯ ಯಂತ್ರಗಳ ಮೇಲೆ ಈ ಸಾಲುಗಳೆಲ್ಲವೂ ಮತ್ತೊಮ್ಮೆ ತಾವಾಗಿಯೇ ಓಡುತ್ತವೆ. ಅರೇಬಿಯ ಲಿಪಿಗೆಂದು ಮಾಡಿದ ತಿದ್ದುಪಡಿಯಾದರೂ ಸರಿಯೆ, ಕನ್ನಡದ ಸಾಲುಗಳೂ ಓಡುತ್ತವೆ. ಒಂದು ಹೊಸ ದೋಷವು ವರದಿಯಾದಾಗ ಅನುಸರಿಸತಕ್ಕ ಕ್ರಮವೂ ಗಮನಾರ್ಹ. ದೋಷವನ್ನು ತೋರಿಸಿಕೊಡುವ ಸಾಲನ್ನು ಸಿದ್ಧಪಡಿಸಬೇಕು. ತಿದ್ದದ ತಂತ್ರಾಂಶದಲ್ಲಿ ಅದು ಅನುತ್ತೀರ್ಣವಾಗುವುದನ್ನು ಕಾಣಬೇಕು. ಅನಂತರ ತಂತ್ರಾಂಶವನ್ನು ತಿದ್ದಿ, ಸಾಲು ಉತ್ತೀರ್ಣವಾಗುವುದನ್ನು ನೋಡಬೇಕು. ಆ ಮೇಲೆ ಆ ಸಾಲನ್ನು ತೆಗೆದುಹಾಕದೆ ಭಂಡಾರದಲ್ಲಿ ಉಳಿಸಿಬಿಡಬೇಕು. ಹೀಗೆ ನೀಗಿದ ಪ್ರತಿಯೊಂದು ದೋಷವೂ ತನ್ನ ಗುರುತನ್ನು ಕಾವಲುಗಾರನನ್ನಾಗಿ ಬಿಟ್ಟುಹೋಗುತ್ತದೆ.

೪

ಕನ್ನಡದ ಒಂದು ನಿದರ್ಶನವನ್ನು ನೋಡೋಣ. ರಕಾರವು ಸಂಯುಕ್ತಾಕ್ಷರದ ಆದಿಯಲ್ಲಿ ಬಂದಾಗ ನಮ್ಮ ಲಿಪಿಯಲ್ಲಿ ಎರಡು ಬರವಣಿಗೆಗಳುಂಟು. ‘ಸೂರ್ಯ’ ಎಂದು ಅರ್ಕಾವೊತ್ತಿನಿಂದ ಬರೆಯಬಹುದು. ‘ಸೂರ‍್ಯ’ ಎಂದು ರಕಾರವನ್ನು ಪೂರ್ಣವಾಗಿ ಬರೆದು ಅದಕ್ಕೆ ಯಕಾರದ ಒತ್ತನ್ನು ಕೊಡಬಹುದು. ಉಚ್ಚಾರಣೆಯಲ್ಲಿ ಭೇದವಿಲ್ಲ. ಆದರೆ ‘ರ‍್ಯಾಂಕ್’ ಎಂಬಂತಹ ಮಾತಿನ ಆದಿಯಲ್ಲಿ ಅರ್ಕಾವೊತ್ತು ಓದುವವನ ಕಣ್ಣಿಗೆ ಒಪ್ಪುವುದಿಲ್ಲ. ಅಲ್ಲಿ ಎರಡನೆಯ ಬರವಣಿಗೆಯೇ ಬೇಕು. ಪ್ರಾಚೀನ ಗ್ರಂಥವನ್ನು ಇದ್ದಂತೆಯೇ ಅಚ್ಚಿಗೆ ಕೊಡಬೇಕೆನ್ನುವ ಸಂಪಾದಕನಿಗೂ ಈ ಭೇದವು ಅಗತ್ಯವಾದುದು.

ಯೂನಿಕೋಡ್ ಸಂಕೇತದಲ್ಲಿ ರಕಾರ, ಹಲಂತ, ಯಕಾರ ಎಂಬ ಸಾಲಿಗೆ ಅರ್ಕಾವೊತ್ತೇ ಫಲ. ಎರಡನೆಯ ರೂಪವು ಬೇಕಾದರೆ ೮೨೦೫ ಎಂಬ ಸಂಖ್ಯೆಯ, ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ರಕಾರಕ್ಕೂ ಹಲಂತಕ್ಕೂ ನಡುವೆ ಇಡಬೇಕು: ೩೨೪೮, ೮೨೦೫, ೩೨೭೭, ೩೨೪೭. ಆದರೆ ಹಳೆಯ ಕಡತಗಳಲ್ಲಿ ಈ ಜೋಡಕವನ್ನು ಹಲಂತದ ಅನಂತರ ಇಡುವ ರೂಢಿಯೂ ಇದ್ದಿತು. ಎರಡು ಕ್ರಮಗಳಲ್ಲಿ ಯಾವುದನ್ನು ಅನುಸರಿಸಿದ್ದರೂ ಬರೆದವನ ಅಭಿಪ್ರಾಯ ಒಂದೇ. ಇಲ್ಲಿ ತೊಡಕು ಏನೆಂದರೆ, ರಕಾರ, ಹಲಂತ, ಜೋಡಕ ಎಂಬ ಆ ಹಳೆಯ ಕ್ರಮಕ್ಕೆ ದೇವನಾಗರಿಯಲ್ಲಿ ಬೇರೊಂದು ಅರ್ಥವಿದೆ: ಮರಾಠಿಯಲ್ಲಿ ಬಳಕೆಯಲ್ಲಿರುವ, ರೆಪ್ಪೆಗೂದಲಿನ ಆಕಾರದ ಅರ್ಧ ರಕಾರವು ಅದರಿಂದ ಬರುತ್ತದೆ. ಒಂದೇ ವಿಭಾಗವು ಎರಡು ಲಿಪಿಗಳನ್ನೂ ನೋಡಿಕೊಳ್ಳುವಾಗ, ಒಂದಕ್ಕೆ ಸಲ್ಲುವ ನಿಯಮವು ಮತ್ತೊಂದಕ್ಕೆ ಸಲ್ಲದು.

ಈ ಪ್ರಶ್ನೆಯು ೨೦೧೭ರಲ್ಲಿ ಹಾರ್ಫ್‌ಬಜ್‌ನವರ ಮುಂದೆ ಚರ್ಚೆಗೆ ಬಂದಿತು. ಆಗ ಅವರು ಕನ್ನಡಕ್ಕೆಂದೇ ಒಂದು ಅಪವಾದಸೂತ್ರವನ್ನು ಸೇರಿಸಿದರು: ಲಿಪಿಯು ಕನ್ನಡವಾಗಿದ್ದು, ಅಕ್ಷರದ ಆದಿಯಲ್ಲಿ ರಕಾರ, ಹಲಂತ, ಜೋಡಕ ಈ ಕ್ರಮದಲ್ಲಿ ಕಂಡುಬಂದರೆ, ಕಡೆಯ ಎರಡನ್ನು ಅದಲುಬದಲು ಮಾಡಿ ಓದತಕ್ಕದ್ದು. ಇದರಿಂದ ಹಳೆಯ ಕಡತವನ್ನು ತಿದ್ದದೆಯೇ ಸರಿಯಾಗಿ ಓದಬಹುದಾಯಿತು. ಇದು ಪಾಣಿನೀಯವನ್ನು ಬಲ್ಲವರಿಗೆ ಪರಿಚಿತವಾದ ರೀತಿ. ಉತ್ಸರ್ಗವು ಎಲ್ಲಕ್ಕೂ, ಅಪವಾದವು ತನ್ನ ವಿಷಯಕ್ಕೆ ಮಾತ್ರ. ಆದರೆ ಇಂತಹ ಅಪವಾದವು ಬಹಳ ದುರ್ಬಲವಾದ ವಸ್ತು. ಕೆಲವು ವರ್ಷಗಳ ಮೇಲೆ ಮೂಲಪಾಠವನ್ನು ಅಚ್ಚುಕಟ್ಟು ಮಾಡಲು ಬಂದ ಮತ್ತೊಬ್ಬನಿಗೆ, ಈ ನಾಲ್ಕಾರು ಪಂಕ್ತಿಗಳು ಅನಾವಶ್ಯಕವೆಂದು ತೋರಬಹುದು. ಟಿಪ್ಪಣಿಯನ್ನು ಅವನು ಓದದೆ ಇರಬಹುದು. ಎರಡೂ ಕ್ರಮಗಳಿಗೆ ಒಂದೇ ಉತ್ತರವು ಬರತಕ್ಕದ್ದೆಂದು ಹೇಳುವ ಸಾಲೊಂದು ಪರೀಕ್ಷೆಗಳಲ್ಲಿದ್ದರೆ, ಅವನ ಕೈ ತಾನೇ ತಡೆಯಲ್ಪಡುವುದು.

೫

ಇಷ್ಟರಿಂದ ಯಂತ್ರವೇ ಶುದ್ಧಾಶುದ್ಧಗಳನ್ನು ನಿರ್ಣಯಿಸುತ್ತದೆಂದು ಭಾವಿಸಬಾರದು. ನಾಲ್ಕನೆಯ ಭಾಗವಾದ ಉತ್ತರವನ್ನು ಬರೆದುಕೊಡುವವರು ಮನುಷ್ಯರು. ಆ ಉತ್ತರವೇ ತಪ್ಪಾಗಿದ್ದರೆ ಯಂತ್ರವು ಆ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಸರಿಯಾದ ತಿದ್ದುಪಡಿಯು ಬಂದಾಗ ಅದನ್ನೇ ದೋಷವೆಂದು ಸಾರುತ್ತದೆ. ಅರ್ಥವನ್ನರಿಯದೆ ಕಂಠಪಾಠ ಮಾಡಿದ ಶಿಷ್ಯನಂತೆ ಇದರ ಸ್ಥಿತಿ.

ಸಾಲುಸಾಲಾಗಿ ಉತ್ತರಗಳನ್ನು ಬರೆಯುವುದಕ್ಕೆ ಬದಲಾಗಿ, ಪ್ರಮಾಣವೆಂದು ಎಣಿಸಿದ ಬೇರೊಂದು ತಂತ್ರಾಂಶದೊಡನೆ ಹೋಲಿಸುವ ಮಾರ್ಗವೂ ಉಂಟು. ೧.೦ ಆವೃತ್ತಿಗೆ ಹಿಂದಿನ ವರ್ಷಗಳಲ್ಲಿ ಹಾರ್ಫ್‌ಬಜ್‌ನವರು ವಿಕಿಪೀಡಿಯಾದಿಂದ ಆಯ್ದ ಪದಗಳನ್ನು ತಮ್ಮ ತಂತ್ರಾಂಶದಿಂದಲೂ, ಮೈಕ್ರೋಸಾಫ್ಟ್‌ನವರ ಯೂನಿಸ್ಕ್ರೈಬ್ ಎಂಬುದರಿಂದಲೂ ಜೋಡಿಸಿ ಹೋಲಿಸಿದರು. ಅವರು ದಾಖಲಿಸಿದ ಲೆಕ್ಕವೊಂದರಲ್ಲಿ ಕನ್ನಡದ ೯,೫೧,೯೧೩ ಪದಗಳ ಪೈಕಿ ೯,೫೧,೧೯೦ ಹೊಂದಿಕೊಂಡವು, ೭೨೩ ಹೊಂದಲಿಲ್ಲ. ನೂರಕ್ಕೆ ೦.೦೮ರಷ್ಟೂ ಇಲ್ಲದ ಈ ಭೇದವು ಆಶ್ಚರ್ಯಕರವಾದ ಸಾಧನೆಯೇ ಹೌದು. ಆದರೂ ಎರಡು ಪ್ರತಿಗಳು ಹೊಂದಿದುದರಿಂದಲೇ ಪಾಠವು ಶುದ್ಧವೆಂದು ಯಾವ ಸಂಪಾದಕನೂ ಹೇಳುವುದಿಲ್ಲ; ಎರಡಕ್ಕೂ ಮಾತೃಕೆಯಾದ ಪ್ರತಿಯೇ ತಪ್ಪಿರಬಹುದು. ಹೊಂದದಿದ್ದಲ್ಲಿ ಯಾವುದು ಸರಿ ಎಂಬುದನ್ನೂ ಆ ಲೆಕ್ಕವು ಹೇಳಲಾರದು. ಅದಕ್ಕೆ ಕನ್ನಡವನ್ನು ಓದಬಲ್ಲ ಕಣ್ಣು ಬೇಕು.

ತಜ್ಞರ ದೃಷ್ಟಿ ತಪ್ಪಿದಲ್ಲಿ ಏನಾಗುವುದೆಂಬುದಕ್ಕೆ ಯೂನಿಕೋಡಿನಲ್ಲಿಯೇ ಒಂದು ಸಾಕ್ಷಿ ಇದೆ. ನಮ್ಮ ಹಳಗನ್ನಡದ ೞಕಾರಕ್ಕೆ ಅಲ್ಲಿ ಕೊಟ್ಟಿರುವ ಹೆಸರು ‘ಕನ್ನಡ ಲೆಟರ್ ಫಾ’ ಎಂದು. ೞಕಾರಕ್ಕೂ ಫಕಾರಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ, ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ಪರೀಕ್ಷೆಯ ಉತ್ತರಗಳು ಇಷ್ಟು ಕಠಿನವಲ್ಲ, ಅವನ್ನು ತಿದ್ದಬಹುದು. ಆದರೆ ಎಲ್ಲರೂ ನೋಡುವಂತೆ, ಕಾರಣಸಹಿತವಾಗಿ, ತಿದ್ದಿದವನ ಹೆಸರೂ ದಿನವೂ ದಾಖಲೆಯಲ್ಲಿ ಉಳಿಯುವಂತೆ ತಿದ್ದಬೇಕು. ಅರಿಯದೆ ಆಗುವ ಬದಲಾವಣೆಯನ್ನು ತಡೆದು, ಅರಿತು ಮಾಡುವ ಬದಲಾವಣೆಗೆ ಎಡೆಗೊಡುವುದೇ ಈ ಪದ್ಧತಿಯ ಸಾರ.

೬

ಹಾಗಾದರೆ ಸಾಹಿತ್ಯವನ್ನು ಬೋಧಿಸುವವರಿಗೂ ಗ್ರಂಥಸಂಪಾದಕರಿಗೂ ಇಲ್ಲಿ ಏನು ಕರ್ತವ್ಯವುಂಟು? ದಿನಬಳಕೆಯ ಕನ್ನಡದ ಸಂಯುಕ್ತಾಕ್ಷರಗಳು ವಿಕಿಪೀಡಿಯಾದಂತಹ ಸಂಗ್ರಹಗಳಲ್ಲಿ ಹೇರಳವಾಗಿವೆ. ಅವು ಕೆಟ್ಟರೆ ಕೂಗುವವರು ಸಾವಿರಾರು ಮಂದಿ. ಱಕಾರ ೞಕಾರಗಳೂ ಅವುಗಳ ಒತ್ತುಗಳೂ ಅಂತಹವಲ್ಲ. ಹಳಗನ್ನಡದ ನಕಾರ ಪೊಲ್ಲಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತುದೇ ೨೦೨೧ರಲ್ಲಿ, ೧೪.೦ ಆವೃತ್ತಿಯಲ್ಲಿ. ಇಂತಹ ಅಕ್ಷರಗಳು ಒಂದು ದಿನ ಸದ್ದಿಲ್ಲದೆ ಕೆಟ್ಟರೆ, ಅದು ಕಾಣುವುದು ಪಂಪ ರನ್ನರನ್ನು ಓದಿಸುವ ಕೆಲವರ ಕಣ್ಣಿಗೆ ಮಾತ್ರ.

ಅವರು ತಂತ್ರಾಂಶವನ್ನು ಬರೆಯಲು ಕಲಿಯಬೇಕಾಗಿಲ್ಲ. ತಪ್ಪಾಗಿ ಕಂಡ ಪದವನ್ನು ಅಕ್ಷರಸಂಖ್ಯೆಗಳ ಕ್ರಮದೊಡನೆ ಬರೆದುಕೊಂಡು, ಬಳಸಿದ ಫಾಂಟಿನ ಹೆಸರನ್ನು ಸೂಚಿಸಿ, ಹೇಗೆ ಕಾಣಬೇಕಾಗಿತ್ತೆಂಬುದನ್ನು ಶಾಸನದಿಂದಲೋ ಓಲೆಯ ಪ್ರತಿಯಿಂದಲೋ ಹಳೆಯ ಮುದ್ರಣದಿಂದಲೋ ತೋರಿಸಿಕೊಟ್ಟರೆ, ಪರೀಕ್ಷೆಗೆ ಬೇಕಾದ ಮುಖ್ಯ ಸಾಮಗ್ರಿಯು ಒದಗಿದಂತಾಯಿತು. ಅದನ್ನು ಒಂದು ಸಾಲಾಗಿ ಬರೆಯುವವರು ಬೇರೆ ಇದ್ದಾರೆ. ಆ ಸಾಲು ಒಮ್ಮೆ ಭಂಡಾರವನ್ನು ಸೇರಿದ ಮೇಲೆ, ಕನ್ನಡದ ಹೆಸರನ್ನೇ ಕೇಳದವನೊಬ್ಬನು ಎಲ್ಲಿಯೋ ಕುಳಿತು ಮಾಡುವ ತಿದ್ದುಪಡಿಯೂ ಅದನ್ನು ದಾಟಿಯೇ ಹೋಗಬೇಕು. ಸರಿಯಾದ ಪಾಠ ಯಾವುದೆಂಬುದನ್ನು ಮೊದಲು ಬರೆದುಕೊಡುವ ಕೆಲಸ ಮಾತ್ರ ನಮ್ಮದು.